ಮೇ ತಿಂಗಳಲ್ಲಿ ಹುಟ್ಟಿದ ಮಗು: ಈ ಜೂನ್‌ಗೇ ಒಂದನೇ ಕ್ಲಾಸಾ, ಇನ್ನೊಂದು ವರ್ಷ ಕಾಯೋದಾ?

ಒಂದು ಮಗು ಹುಟ್ಟಿದ್ದು ಮೇ 28ಕ್ಕೆ, ಪಕ್ಕದ ಮನೆಯ ಮಗು ಜೂನ್ 4ಕ್ಕೆ. ಇಬ್ಬರ ನಡುವೆ ಇರುವುದು ಒಂದೇ ವಾರ. ಸ್ಕೂಲಿನ ಲೆಕ್ಕದಲ್ಲಿ ಮಾತ್ರ ಪೂರ್ತಿ ಒಂದು ವರ್ಷ. ಕರ್ನಾಟಕದಲ್ಲಿ ವಯಸ್ಸು ಎಣಿಸುವುದು ಜೂನ್ 1ಕ್ಕೆ. ಅವತ್ತಿಗೆ ಆರು ತುಂಬಿದ್ದರೆ ಒಂದನೇ ಕ್ಲಾಸು, ಇಲ್ಲದಿದ್ದರೆ ಮುಂದಿನ ವರ್ಷ. ಹಾಗಾಗಿ ಮೇ ಮಗು ಕ್ಲಾಸಿಗೆಲ್ಲ ಚಿಕ್ಕದು. ಜೂನ್ ಮಗು ಮರುವರ್ಷ ಸೇರಿ ಕ್ಲಾಸಿಗೆಲ್ಲ ದೊಡ್ಡದು.

ಆರು ವರ್ಷದ ನಿಯಮ ಗಟ್ಟಿಯಾಗಿ ನಡೆದರೆ ಜೂನ್, ಜುಲೈ ಮಕ್ಕಳ ಮನೆಯಲ್ಲಿ ಯೋಚನೆ ಮಾಡುವುದಕ್ಕೆ ಏನೂ ಇಲ್ಲ. ಕಾಯಲೇಬೇಕು. ಆಯ್ಕೆ ಇರುವುದು ಮಾರ್ಚ್, ಏಪ್ರಿಲ್, ಮೇ ಮಕ್ಕಳ ಅಪ್ಪ ಅಮ್ಮನಿಗೆ. ಈಗಲೇ ಸೇರಿಸಿದರೆ ಮಗು ಹಿಂದೆ ಬೀಳುತ್ತಾ? ನಿಲ್ಲಿಸಿದರೆ ಒಂದು ವರ್ಷ ವೇಸ್ಟ್ ಆಗುತ್ತಾ? ಈ ಬರಹ ಅವರಿಗಾಗಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಂಥ ಮಕ್ಕಳಲ್ಲಿ ಹೆಚ್ಚಿನವರನ್ನು ಧೈರ್ಯವಾಗಿ ಕಳಿಸಬಹುದು. ನಿಲ್ಲಿಸಿದರೇ ಒಳ್ಳೆಯದು ಅನ್ನುವ ಮಕ್ಕಳು ಕೆಲವರಿದ್ದಾರೆ, ಅವರನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಆದರೆ ಆ ಯೋಚನೆ ಎಲ್‌ಕೆಜಿಗೆ ಸೇರಿಸುವ ಮುಂಚೆಯೇ ಆಗಬೇಕು. ಯುಕೆಜಿ ಮುಗಿಯುವಾಗ ಶುರು ಮಾಡಿದರೆ ತಡ.

ನಿಯಮದ ಗೊಂದಲ

ಮೊದಲು ನಮ್ಮಲ್ಲಿ 5 ವರ್ಷ 5 ತಿಂಗಳಾಗಿದ್ದರೆ ಒಂದನೇ ಕ್ಲಾಸಿಗೆ ಸೇರಿಸುತ್ತಿದ್ದರು. 2022ರ ಜುಲೈನಲ್ಲಿ ಸರ್ಕಾರ ಅದನ್ನು 6 ವರ್ಷ ಮಾಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಾತಾಡುವುದು 6ರಿಂದ 14 ವರ್ಷದ ಮಕ್ಕಳ ಬಗ್ಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಒಂದನೇ ಕ್ಲಾಸಿಗೆ 6 ವರ್ಷ ಅನ್ನುತ್ತದೆ. ಆಗಲೇ ಎಲ್‌ಕೆಜಿಯಲ್ಲಿದ್ದ ಮಕ್ಕಳ ಪೋಷಕರು ಗಲಾಟೆ ಎಬ್ಬಿಸಿದರು, ನಿಯಮ 2025-26ಕ್ಕೆ ಮುಂದೆ ಹೋಯಿತು. ಆ ವರ್ಷವೂ ಬಂತು. 2025ರ ಏಪ್ರಿಲ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು ಯುಕೆಜಿ ಮುಗಿಸಿದ ಮಕ್ಕಳಿಗೆ ಆ ಒಂದು ವರ್ಷಕ್ಕೆ ಮಾತ್ರ 5 ವರ್ಷ 5 ತಿಂಗಳು ಸಾಕು ಎಂದರು. ಮುಂದಿನ ವರ್ಷದಿಂದ ಆರೇ ಎಂದೂ ಹೇಳಿದರು. ಇಷ್ಟು ಸಲ ಅತ್ತಿತ್ತ ಹೋದ ನಿಯಮವಾದ್ದರಿಂದ, ನೀವು ಅರ್ಜಿ ಹಾಕುವ ವರ್ಷದ ಸುತ್ತೋಲೆಯನ್ನೇ ನೋಡಿ. ವಾಟ್ಸಾಪ್‌ನಲ್ಲಿ ಬಂದದ್ದನ್ನು ನಂಬಬೇಡಿ.

ಈ ಎಳೆದಾಟದ ಫಲ ಕ್ಲಾಸ್‌ರೂಮಿನೊಳಗೆ ಕಾಣುತ್ತದೆ. ನಿಯಮದ ಪ್ರಕಾರ ಒಂದು ಕ್ಲಾಸಿನ ಮಕ್ಕಳ ನಡುವೆ ಹೆಚ್ಚೆಂದರೆ ಹನ್ನೆರಡು ತಿಂಗಳ ಅಂತರ ಇರಬೇಕು. ಕೆಲವರು ಆರು ವರ್ಷದ ನಿಯಮ ಬರುತ್ತದೆ ಎಂದು ಮೊದಲೇ ಕಾದರು. ಇನ್ನು ಕೆಲವರು ಸಡಿಲಿಕೆಯಲ್ಲಿ ಐದೂವರೆಗೇ ಸೇರಿಸಿದರು. ಎರಡೂ ಗುಂಪು ಸೇರಿದ ಕಡೆ ಅಂತರ ಒಂದೂವರೆ ವರ್ಷದವರೆಗೂ ಹೋಗಬಹುದು. ಹಾಗಾಗಿ ನಿಮ್ಮ ಮಗು ಕ್ಲಾಸಿನಲ್ಲಿ ಚಿಕ್ಕದೋ ದೊಡ್ಡದೋ ಅನ್ನುವುದನ್ನು ಬರೀ ಕ್ಯಾಲೆಂಡರ್ ನೋಡಿ ಹೇಳಲಾಗುವುದಿಲ್ಲ. ಆ ಸ್ಕೂಲಿನಲ್ಲೇ ಕೇಳಬೇಕು: ಈಗಿನ ಯುಕೆಜಿ ಮಕ್ಕಳು ಯಾವ ತಿಂಗಳಿಂದ ಯಾವ ತಿಂಗಳವರೆಗೆ ಹುಟ್ಟಿದವರು?

ಹಿಂದೆ ಈ ತಲೆನೋವೇ ಇರಲಿಲ್ಲ. ಮೇಷ್ಟ್ರು ಹುಡುಗನನ್ನು ಒಮ್ಮೆ ನೋಡಿ, ಸೇರಿಸಬಹುದು ಅನ್ನಿಸಿದರೆ ಜೂನ್ 1 ಎಂದು ಬರೆದುಕೊಂಡು ಸೇರಿಸುತ್ತಿದ್ದರು. ಇವತ್ತಿಗೂ ಜೂನ್ ಒಂದಕ್ಕೆ ನಮ್ಮ ಹಿರಿಯರಲ್ಲಿ ಎಷ್ಟು ಜನರ ಹುಟ್ಟುಹಬ್ಬ ಅಂತ ಮನೆಯಲ್ಲೇ ಕೇಳಿ ನೋಡಿ. ತಮಾಷೆ ಅನ್ನಿಸಿದರೂ ಅಲ್ಲೊಂದು ವಿವೇಕವಿತ್ತು. ಅವರು ನೋಡಿದ್ದು ಮಗುವನ್ನು, ತಾರೀಖನ್ನಲ್ಲ. ಈಗ ಆ ದಾರಿ ಮುಚ್ಚಿದೆ. ಜನನ ಮರಣ ನೋಂದಣಿ ಕಾಯ್ದೆಗೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆಮೇಲೆ ಹುಟ್ಟಿದ ಮಕ್ಕಳಿಗೆ ಸ್ಕೂಲು ಸೇರುವುದಕ್ಕೂ ಜನನ ಪ್ರಮಾಣಪತ್ರವೇ ದಾಖಲೆ. ತಾರೀಖು ತಿದ್ದಿಸುವ ಆಲೋಚನೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ಆದರೆ ಮಗು ದೊಡ್ಡದಾದ ಮೇಲೆ ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ.

ಕೆಲವು ತಿಂಗಳು ಅಷ್ಟೊಂದು ವ್ಯತ್ಯಾಸ ಮಾಡುತ್ತವಾ?

ಮಾಡುತ್ತವೆ, ಚಿಕ್ಕ ಕ್ಲಾಸುಗಳಲ್ಲಿ ಚೆನ್ನಾಗಿಯೇ. ಆರು ವರ್ಷದ ಮಗುವಿಗೆ ಹನ್ನೊಂದು ತಿಂಗಳು ಅಂದರೆ ಅದು ಬದುಕಿದ ಕಾಲದ ಆರನೇ ಒಂದು ಭಾಗಕ್ಕೆ ಹತ್ತಿರ. ಅಷ್ಟು ಸಮಯ ಜಾಸ್ತಿ ಮಾತು ಕೇಳಿದೆ, ಜಾಸ್ತಿ ಕಥೆ ಕೇಳಿದೆ, ಬೆರಳುಗಳು ಅಷ್ಟು ಜಾಸ್ತಿ ಪಳಗಿವೆ. ಹದಿನಾರು ವರ್ಷದವನಿಗೆ ಅದೇ ಹನ್ನೊಂದು ತಿಂಗಳು ಲೆಕ್ಕಕ್ಕೇ ಇಲ್ಲ.

ಕೆಲ್ಲಿ ಬೆಡಾರ್ಡ್ ಮತ್ತು ಎಲಿಝಬೆತ್ ಡ್ಯೂಯಿ ಎಂಬ ಅರ್ಥಶಾಸ್ತ್ರಜ್ಞರು ಹಲವು ದೇಶಗಳ ಪರೀಕ್ಷಾ ಅಂಕಗಳನ್ನು ಜೋಡಿಸಿ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ನಾಲ್ಕನೇ ಕ್ಲಾಸಿನಲ್ಲಿ ಅತಿ ಚಿಕ್ಕವರು ಅತಿ ದೊಡ್ಡವರಿಗಿಂತ 4ರಿಂದ 12 ಸ್ಥಾನ ಹಿಂದೆ ಇದ್ದರು. ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಅದು 2ರಿಂದ 9ಕ್ಕೆ ಇಳಿದಿತ್ತು. ಇಳಿಯಿತು, ಆದರೆ ಪೂರ್ತಿ ಹೋಗಲಿಲ್ಲ.

ಯಾಕೆ ಪೂರ್ತಿ ಹೋಗಲಿಲ್ಲ ಅನ್ನುವುದೇ ನನಗೆ ಮುಖ್ಯ ಅನ್ನಿಸುವ ವಿಷಯ. ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್ 1ಕ್ಕೆ ವಯಸ್ಸು ಎಣಿಸುತ್ತಾರೆ. ಅಲ್ಲಿನ ಆಗಸ್ಟ್ ಮಕ್ಕಳು ನಮ್ಮ ಮೇ ಮಕ್ಕಳಿದ್ದ ಹಾಗೆ. ಅಲ್ಲಿನ ಅಧ್ಯಯನಗಳಲ್ಲಿ ಆಗಸ್ಟ್ ಮಕ್ಕಳನ್ನು ಟೀಚರ್‌ಗಳು 'ಸರಾಸರಿಗಿಂತ ಕೆಳಗೆ' ಎಂದು ಗುರುತಿಸುವುದು ಎದ್ದು ಕಾಣುವಷ್ಟು ಜಾಸ್ತಿ. ಆ ಮಕ್ಕಳಿಗೆ ತಮ್ಮ ಮೇಲೆ ತಮಗಿರುವ ನಂಬಿಕೆಯೂ ಕಮ್ಮಿ. ಅಮೆರಿಕದಲ್ಲಿ 2018ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಇನ್ನೂ ಕಣ್ಣು ತೆರೆಸುತ್ತದೆ. ಸೆಪ್ಟೆಂಬರ್ 1ರ ಗೆರೆ ಇರುವ ರಾಜ್ಯಗಳಲ್ಲಿ ಆಗಸ್ಟ್ ಮಕ್ಕಳಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ) ಇದೆ ಎಂದು ಡಾಕ್ಟರುಗಳು ಬರೆದದ್ದು ಸೆಪ್ಟೆಂಬರ್ ಮಕ್ಕಳಿಗಿಂತ ಶೇ. 34ರಷ್ಟು ಜಾಸ್ತಿ. ಗೆರೆ ಇಲ್ಲದ ರಾಜ್ಯಗಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಆ ಮಕ್ಕಳಲ್ಲಿ ಕೆಲವರಿಗಾದರೂ ಇದ್ದದ್ದು ಕಾಯಿಲೆ ಅಲ್ಲ, ಬರೀ ಚಿಕ್ಕ ವಯಸ್ಸು. ಪಕ್ಕದಲ್ಲಿ ಕೂತವನು ಒಂದು ವರ್ಷ ದೊಡ್ಡವನಾಗಿದ್ದರೆ ಇವನು ಚಂಚಲ ಅನ್ನಿಸುವುದು ಸಹಜ, ಅಲ್ವಾ?

ತಿಂಗಳ ವ್ಯತ್ಯಾಸ ತಾನಾಗಿ ಕರಗುತ್ತದೆ. ಎರಡನೇ ಕ್ಲಾಸಿನಲ್ಲಿ ಹಚ್ಚಿದ 'ದಡ್ಡ' ಎಂಬ ಹಣೆಪಟ್ಟಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಈಗ ತಕ್ಕಡಿಯ ಇನ್ನೊಂದು ಬದಿ. ನಾರ್ವೆಯಲ್ಲಿ ಹುಡುಗರು ಸುಮಾರು 18ನೇ ವಯಸ್ಸಿಗೆ ಸೈನ್ಯದ ಬುದ್ಧಿಪರೀಕ್ಷೆ ಬರೆಯುತ್ತಾರೆ. ಯಾವ ಕ್ಲಾಸಿನಲ್ಲಿದ್ದರೂ ವಯಸ್ಸು ಅದೇ. ಹಾಗಾಗಿ 'ದೊಡ್ಡವನು ಎಂಬ ಕಾರಣಕ್ಕೇ ಜಾಸ್ತಿ ಅಂಕ' ಅನ್ನುವುದು ಅಲ್ಲಿ ಬರುವುದಿಲ್ಲ. ಅಲ್ಲಿನ ಅಂಕಿ ಅಂಶ ನೋಡಿದ ಸಂಶೋಧಕರಿಗೆ ತಡವಾಗಿ ಸ್ಕೂಲು ಸೇರಿದವರು ಜಾಸ್ತಿ ಬುದ್ಧಿವಂತರು ಎಂದು ಕಾಣಲಿಲ್ಲ. ಬೇಗ ಸೇರಿದವರೇ ಒಂಚೂರು ಮುಂದಿದ್ದರು. ಬೇಗ ಸೇರಿದವರು ಬೇಗ ಕೆಲಸಕ್ಕೆ ಸೇರಿದ್ದರಿಂದ ಮೊದಲಿಗೆ ಸಂಬಳ ಜಾಸ್ತಿ, ಮೂವತ್ತರ ಹೊತ್ತಿಗೆ ಅದೂ ಸಮ. ಆದರೆ ತಡವಾಗಿ ಸೇರಿದ ಹುಡುಗರ ಮನಸ್ಸಿನ ಆರೋಗ್ಯ 18ರ ವಯಸ್ಸಿನಲ್ಲಿ ಸ್ವಲ್ಪ ಚೆನ್ನಾಗಿತ್ತು. ಡೆನ್ಮಾರ್ಕಿನ ಅಧ್ಯಯನವೊಂದರಲ್ಲೂ ಒಂದು ವರ್ಷ ತಡವಾಗಿ ಸೇರಿದ ಮಕ್ಕಳಲ್ಲಿ ಚಡಪಡಿಕೆ, ಗಮನ ನಿಲ್ಲದಿರುವುದು ಕಮ್ಮಿ ಕಂಡಿತ್ತು.

ಇಷ್ಟರಿಂದ ನಾನು ತಿಳಿದುಕೊಂಡದ್ದು ಇದು: ಮಗುವನ್ನು ಟಾಪರ್ ಮಾಡಬೇಕು ಎಂದು ನಿಲ್ಲಿಸುವುದರಲ್ಲಿ ಅರ್ಥವಿಲ್ಲ. ಮಗು ಸ್ಕೂಲಿನಲ್ಲಿ ನೆಮ್ಮದಿಯಾಗಿ ಇರಲಿ ಎಂದು ನಿಲ್ಲಿಸುವುದರಲ್ಲಿ ಅರ್ಥ ಇರಬಹುದು.

ಈಗಲೇ ಕಳಿಸಿದರೆ

ಮಗುವಿನ ಜೊತೆಗಾರರು ಅದರ ಜೊತೆಗೇ ಮೇಲೆ ಹೋಗುತ್ತಾರೆ. ಇದು ಸಣ್ಣ ಮಾತಲ್ಲ. ಒಂದು ವರ್ಷದ ಫೀಸು ಉಳಿಯುತ್ತದೆ. ಚೂಟಿಯಾದ ಮಗು ದೊಡ್ಡ ಮಕ್ಕಳ ನಡುವೆ ಬೇಗ ಕಲಿಯುವುದೂ ಉಂಟು. ಮನೆಯಲ್ಲಿ ಅಕ್ಕನೋ ಅಣ್ಣನೋ ಇದ್ದರಂತೂ ದೊಡ್ಡವರ ಜೊತೆ ಏಗುವುದು ಅದಕ್ಕೆ ಹೊಸದೇನಲ್ಲ.

ತೊಂದರೆ ಬರುವುದು ಮೊದಲ ಎರಡು ಮೂರು ವರ್ಷ. ಕಾಪಿ ಬರೆಯುವುದು ನಿಧಾನ, ಆಟದಲ್ಲಿ ಕೊನೆಗೆ ಆರಿಸಿಕೊಳ್ಳುತ್ತಾರೆ, ಸಣ್ಣದಕ್ಕೂ ಅಳು. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ಇಂಗ್ಲಿಷ್ ಮೀಡಿಯಂ ಆದರೆ ಎರಡು ಹೊರೆ ಒಟ್ಟಿಗೆ ಬೀಳುತ್ತವೆ. ವಯಸ್ಸಿನಿಂದ ಹಿಂದಿದ್ದಾನೋ ಭಾಷೆಯಿಂದ ಹಿಂದಿದ್ದಾನೋ ಟೀಚರ್‌ಗೂ ಗೊತ್ತಾಗುವುದಿಲ್ಲ. ಇಂಥ ಮಗುವನ್ನು ಮನೆಮಾತಿನ ಸ್ಕೂಲಿಗೆ ಸೇರಿಸಿದರೆ ಅರ್ಧ ಸಮಸ್ಯೆ ಅಲ್ಲೇ ಕಡಿಮೆಯಾಗುತ್ತದೆ. ಈ ಮಾತು ಹೇಳಿದರೆ ಬಹಳ ಜನ ಮುಖ ಸಿಂಡರಿಸುತ್ತಾರೆ, ಗೊತ್ತು.

ಇನ್ನೊಂದು ವಿಷಯ. ಒಂದನೇ ಕ್ಲಾಸಿಗೆ ಸೇರಿಸಿ ನೋಡೋಣ, ಆಗದಿದ್ದರೆ ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಿಸೋಣ ಎಂಬ ಲೆಕ್ಕ ನಡೆಯುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದನೇ ಕ್ಲಾಸಿನಲ್ಲಿ ಮಗುವನ್ನು ಉಳಿಸಿಕೊಳ್ಳುವ ಹಾಗಿಲ್ಲ. 2019ರ ತಿದ್ದುಪಡಿ ಬಿಟ್ಟುಕೊಟ್ಟದ್ದು 5 ಮತ್ತು 8ನೇ ಕ್ಲಾಸಿಗೆ ಮಾತ್ರ. ಅಂದರೆ ನಿಲ್ಲಿಸುವುದಿದ್ದರೆ ಯುಕೆಜಿಯೇ ಕೊನೆಯ ಅವಕಾಶ.

ಒಂದು ವರ್ಷ ನಿಲ್ಲಿಸಿದರೆ

ಆ ಒಂದು ವರ್ಷ ಹೇಗೆ ಕಳೆಯುತ್ತದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಎಲ್ಲಕ್ಕಿಂತ ಕೆಟ್ಟದ್ದು, ಅದೇ ಸ್ಕೂಲಿನಲ್ಲಿ ಅದೇ ಮಿಸ್ ಹತ್ತಿರ ಅದೇ ಪುಸ್ತಕ ಹಿಡಿಸಿ ಯುಕೆಜಿ ಮತ್ತೆ ಮಾಡಿಸುವುದು. ಗೆಳೆಯರು ಮೇಲಿನ ಕ್ಲಾಸಿಗೆ ಹೋದದ್ದು ಮಗುವಿಗೆ ಕಾಣುತ್ತದೆ. "ನೀನು ಫೇಲಾ?" ಎಂದು ಕೇಳುವವರು ವ್ಯಾನಿನಲ್ಲೇ ಸಿಗುತ್ತಾರೆ. ಅದರ ಬದಲು ಶುರುವಿನಲ್ಲೇ ತಡ ಮಾಡಿದರೆ, ಅಂದರೆ ನಾಲ್ಕು ತುಂಬಿದ ಜೂನ್ ಬಿಟ್ಟು ಮುಂದಿನ ಜೂನ್‌ಗೆ ಎಲ್‌ಕೆಜಿಗೆ ಹಾಕಿದರೆ, ಮಗುವಿಗೆ ಏನೂ ಗೊತ್ತೇ ಆಗುವುದಿಲ್ಲ. ಆ ಒಂದು ವರ್ಷ ಅಂಗನವಾಡಿ ಆದೀತು, ಪ್ಲೇ ಹೋಮ್ ಆದೀತು, ಊರಿನಲ್ಲಿ ಅಜ್ಜಿ ತಾತನ ಜೊತೆ ದನ ಕರು ನೋಡಿಕೊಂಡಿರುವುದೂ ಆದೀತು. ಮೊಬೈಲ್ ಕೊಟ್ಟು ಮನೆಯಲ್ಲಿ ಕೂರಿಸುವುದಾದರೆ ಮಾತ್ರ ಸುಮ್ನೆ ಸ್ಕೂಲಿಗೆ ಕಳಿಸಿ.

ಆಗಲೇ ಯುಕೆಜಿ ಮುಗಿದಿದ್ದು, ನಿಲ್ಲಿಸಲೇಬೇಕು ಅನ್ನಿಸಿದರೆ ಸ್ಕೂಲು ಬದಲಾಯಿಸುವಾಗ ನಿಲ್ಲಿಸಿ. ಹೊಸ ಜಾಗ, ಹೊಸ ಗೆಳೆಯರು, ಹಳೆಯ ಹೋಲಿಕೆ ಇಲ್ಲ.

ನಿಲ್ಲಿಸುವುದರ ಬೆಲೆ ಮುಂದೆ ಎಲ್ಲಿ ಕಟ್ಟಬೇಕಾಗುತ್ತದೆ ಎಂದು ಬಹಳ ಜನ ನೋಡುವುದಿಲ್ಲ. ನವೋದಯವನ್ನೇ ತೆಗೆದುಕೊಳ್ಳಿ. 2026ರ ಆರನೇ ಕ್ಲಾಸಿನ ಪ್ರವೇಶಕ್ಕೆ 2014ರ ಮೇ 1ರಿಂದ 2016ರ ಜುಲೈ 31ರ ನಡುವೆ ಹುಟ್ಟಿದವರು ಮಾತ್ರ ಅರ್ಹರು. ಪ್ರತಿ ವರ್ಷವೂ ಇದೇ ಲೆಕ್ಕ ಒಂದೊಂದು ವರ್ಷ ಮುಂದೆ ಸರಿಯುತ್ತದೆ. ಈಗ ಕೂಡಿಸಿ ನೋಡಿ. 2014ರ ಏಪ್ರಿಲ್‌ನಲ್ಲಿ ಹುಟ್ಟಿದ ಮಗು ಒಂದು ವರ್ಷ ತಡವಾಗಿ, 2021ರಲ್ಲಿ ಒಂದನೇ ಕ್ಲಾಸು ಸೇರಿದ್ದರೆ 2026ರಲ್ಲಿ ಆರನೇ ಕ್ಲಾಸಿಗೆ ಬರುತ್ತದೆ. ಆದರೆ ಮೇ 1ಕ್ಕಿಂತ ಮುಂಚೆ ಹುಟ್ಟಿದ್ದರಿಂದ ನವೋದಯದ ಬಾಗಿಲು ಮುಚ್ಚಿತು. ಮೇ ತಿಂಗಳ ಮಗು ಕೂದಲೆಳೆಯಲ್ಲಿ ಪಾರು. ಹಳ್ಳಿಯಲ್ಲಿದ್ದು ನವೋದಯದ ಆಸೆ ಇಟ್ಟುಕೊಂಡವರು ಮಾರ್ಚ್, ಏಪ್ರಿಲ್ ಮಕ್ಕಳನ್ನು ನಿಲ್ಲಿಸುವ ಮುಂಚೆ ಎರಡು ಸಲ ಯೋಚಿಸಿ. ಸೈನಿಕ ಶಾಲೆಯ ಆರನೇ ಕ್ಲಾಸಿಗೆ ಮಾರ್ಚ್ 31ಕ್ಕೆ 10ರಿಂದ 12 ವರ್ಷ ಇರಬೇಕು. ಅಲ್ಲಿಯೂ ಮಾರ್ಚ್ ಮಕ್ಕಳಿಗೆ ಇದೇ ಕಷ್ಟ.

ಸೇನಾಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಇನ್ನೊಂದು. ಅಲ್ಲಿ ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ನಿಲ್ಲಿಸಿದ ಮಗು ಎರಡನೇ ಪಿಯು ಮುಗಿಸುವಾಗ ಹತ್ತೊಂಬತ್ತರ ಹೊಸ್ತಿಲಲ್ಲಿರುತ್ತದೆ. ಒಮ್ಮೆ ಆಗದಿದ್ದರೆ ಮತ್ತೆ ಬರೆಯುವುದಕ್ಕೆ ಜಾಸ್ತಿ ಅವಕಾಶ ಉಳಿಯುವುದಿಲ್ಲ. ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್‌ಗೆ, ಕಾಲೇಜು ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿದ್ದರೆ ಆಯಿತು. ಅಲ್ಲಿ ಎರಡೂ ಕಡೆಯ ಮಕ್ಕಳಿಗೆ ತೊಂದರೆ ಇಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಯೋಚಿಸಿ. ಕ್ಲಾಸಿಗೆಲ್ಲ ದೊಡ್ಡವಳಾದರೆ ಉಳಿದವರಿಗಿಂತ ಮುಂಚೆ ಮೈನೆರೆಯುವ ಸಾಧ್ಯತೆ ಜಾಸ್ತಿ. ಅದನ್ನೇ ಕಾರಣ ಮಾಡಿ ಹೆದರಬೇಕಿಲ್ಲ, ಗೊತ್ತಿದ್ದರೆ ಸಾಕು.

ಕೇಂದ್ರೀಯ ವಿದ್ಯಾಲಯ, ಸಿಬಿಎಸ್‌ಇ, ವಿದೇಶದಿಂದ ಬಂದವರು

ಸಿಬಿಎಸ್‌ಇ ಸ್ಕೂಲಿಗೆ ಹಾಕಿದರೆ ವಯಸ್ಸಿನ ನಿಯಮ ತಪ್ಪಿಸಬಹುದು ಎಂದು ಕೆಲವರು ಅಂದುಕೊಂಡಿದ್ದಾರೆ. ಸೇರುವ ವಯಸ್ಸನ್ನು ಸಿಬಿಎಸ್‌ಇ ಆಯಾ ರಾಜ್ಯಕ್ಕೆ ಬಿಟ್ಟಿದೆ. ಕೇಂದ್ರೀಯ ವಿದ್ಯಾಲಯದ್ದು ಬೇರೆ ಲೆಕ್ಕ. 2022-23ರಿಂದ ಅಲ್ಲಿ ಮಾರ್ಚ್ 31ಕ್ಕೆ ಆರು ತುಂಬಿರಬೇಕು. ಕೆಲವು ಪೋಷಕರು ಕೋರ್ಟಿಗೆ ಹೋದರೂ ಸುಪ್ರೀಂ ಕೋರ್ಟ್ ನಿಯಮವನ್ನು ಎತ್ತಿಹಿಡಿಯಿತು. ಹಾಗಾಗಿ ಏಪ್ರಿಲ್, ಮೇ ಮಕ್ಕಳು ನಮ್ಮ ರಾಜ್ಯದ ಬೇರೆ ಸ್ಕೂಲಿನಲ್ಲಿ ಅತಿ ಚಿಕ್ಕವರು, ಕೇಂದ್ರೀಯ ವಿದ್ಯಾಲಯದಲ್ಲಿ ಅತಿ ದೊಡ್ಡವರು. ವರ್ಗಾವಣೆ ಆಗುವ ನೌಕರಿಯಲ್ಲಿದ್ದು, ಮುಂದೆ ಕೇಂದ್ರೀಯ ವಿದ್ಯಾಲಯಕ್ಕೇ ಹಾಕುವುದು ಖಚಿತ ಎಂದಿದ್ದರೆ ಅದರ ಲೆಕ್ಕಕ್ಕೇ ಎಲ್‌ಕೆಜಿಯಿಂದ ಹೊಂದಿಸಿಕೊಳ್ಳಿ.

ಇಂಗ್ಲೆಂಡಿನಲ್ಲಿ ಮಕ್ಕಳು ನಾಲ್ಕು ತುಂಬಿದ ಮೇಲೆ ಬರುವ ಸೆಪ್ಟೆಂಬರ್‌ಗೇ ಸ್ಕೂಲು ಸೇರುತ್ತಾರೆ. ಅಲ್ಲಿಂದ ಬೆಂಗಳೂರಿಗೋ ಮಂಗಳೂರಿಗೋ ವಾಪಸ್ ಬರುವ ಮನೆಗಳಲ್ಲಿ ಜುಲೈ, ಆಗಸ್ಟ್ ಮಗು ಅಲ್ಲಿ 'ಇಯರ್ ಒನ್' ಮುಗಿಸಿದ್ದರೂ ಇಲ್ಲಿ ಜೂನ್ 1ಕ್ಕೆ ಆರು ತುಂಬಿರುವುದಿಲ್ಲ. ಕಲಿತದ್ದನ್ನೇ ಮತ್ತೆ ಕಲಿಯಬೇಕು ಎಂದು ಬೇಜಾರಾಗಬೇಡಿ. ಕನ್ನಡ ಓದು ಬರಹಕ್ಕೆ ಆ ವರ್ಷ ಚೆನ್ನಾಗಿ ಸಿಗುತ್ತದೆ.

ಯಾರನ್ನು ನಿಲ್ಲಿಸಬೇಕು?

ಅಕ್ಷರ, ಅಂಕಿ ಎಷ್ಟು ಬರುತ್ತದೆ ಎಂದು ನೋಡಬೇಡಿ. ಅವು ನಾಲ್ಕು ತಿಂಗಳಲ್ಲಿ ಬರುತ್ತವೆ. ನೋಡಬೇಕಾದದ್ದು ಬೇರೆ. ಹತ್ತು ಹದಿನೈದು ನಿಮಿಷ ಕೂತು ಕಥೆ ಕೇಳುತ್ತದಾ? "ಬ್ಯಾಗ್ ಇಟ್ಟು, ಕೈ ತೊಳೆದುಕೊಂಡು ಬಾ" ಎಂದರೆ ಎರಡೂ ಮಾಡುತ್ತದಾ? ಬಾತ್‌ರೂಮಿಗೆ ಹೋಗಬೇಕು ಎಂದು ಪರಿಚಯ ಇಲ್ಲದ ದೊಡ್ಡವರ ಹತ್ತಿರ ಬಾಯಿಬಿಟ್ಟು ಹೇಳುತ್ತದಾ? ಟಿಫಿನ್ ಡಬ್ಬಿ ತಾನೇ ತೆಗೆದು ತಿನ್ನುತ್ತದಾ? ಇವುಗಳಲ್ಲಿ ಹೆಚ್ಚಿನವು ಆಗುತ್ತಿದ್ದರೆ ಮಗು ಸಿದ್ಧ, ಮೇ 31ಕ್ಕೇ ಹುಟ್ಟಿರಲಿ.

ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಬಗ್ಗೆ ಮಾತ್ರ ನನ್ನ ಒಲವು ನಿಲ್ಲಿಸುವ ಕಡೆಗೆ. ಜುಲೈನಲ್ಲಿ ಹುಟ್ಟಬೇಕಿದ್ದ ಮಗು ಮೇ ತಿಂಗಳಲ್ಲೇ ಬಂತು ಅನ್ನಿ. ನಿಜವಾಗಿ ನೋಡಿದರೆ ಅದು ಮುಂದಿನ ವರ್ಷದ ಕ್ಲಾಸಿನ ಮಗು. ಎನ್‌ಐಸಿಯುನಲ್ಲಿ (ಎಳೆಕೂಸುಗಳ ತೀವ್ರ ನಿಗಾ ಘಟಕ) ಕಳೆದ ಆ ವಾರಗಳು ಅದನ್ನು ಒಂದು ಕ್ಲಾಸು ಮೇಲಕ್ಕೆ ತಳ್ಳಿವೆ. ಇಂಥ ಮಗುವಿಗೆ ಒಂದು ವರ್ಷ ಕೊಟ್ಟರೆ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ.

ಆದರೆ ಮಾತು ತಡವಾಗಿದೆ, ಕರೆದರೆ ತಿರುಗುವುದಿಲ್ಲ, ಕಣ್ಣು ಹತ್ತಿರಕ್ಕೆ ಇಟ್ಟು ನೋಡುತ್ತದೆ ಎಂಬ ಕಾರಣಕ್ಕೆ ನಿಲ್ಲಿಸುವವರು ಮೊದಲು ಪರೀಕ್ಷೆ ಮಾಡಿಸಿ. ಸುಮ್ಮನೆ ಕಾದರೆ ಕಿವಿ ಸರಿಯಾಗುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇದಕ್ಕೆ. ದೂರವಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ಶುರು ಮಾಡಿ. ಹಾಗೆಯೇ ಯಾರಾದರೂ ಎಡಿಎಚ್‌ಡಿ ಎಂದರೆ, ಕ್ಲಾಸಿನಲ್ಲಿ ಇವನೇ ಚಿಕ್ಕವನು ಎಂಬ ಮಾತನ್ನು ಡಾಕ್ಟರಿಗೆ ನೀವಾಗಿಯೇ ಹೇಳಿ.

ತಿಂಗಳಿಗಿಂತ ಸ್ಕೂಲು ನೋಡಿ

ಒಂದನೇ ಕ್ಲಾಸಿನಲ್ಲೇ ಟೆಸ್ಟು, ರ‍್ಯಾಂಕು, ಸ್ಟಾರು ಇರುವ ಕಡೆ ಚಿಕ್ಕ ಮಗುವಿಗೆ ಏಟು ಜಾಸ್ತಿ. ಎಲ್ಲರೂ ಒಂದೇ ಪುಟ, ಒಂದೇ ವೇಗ ಇರದ ಕಡೆ ತಿಂಗಳ ಲೆಕ್ಕ ಅರ್ಧ ಕರಗಿಹೋಗುತ್ತದೆ. ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ನಲಿ-ಕಲಿ ನಮ್ಮ ಸರ್ಕಾರಿ ಶಾಲೆಗಳಲ್ಲೇ ಇದೆ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ, ಕಲಿಕಾ ಏಣಿಯಲ್ಲಿ ಅವರವರ ಮೆಟ್ಟಿಲು ಅವರವರದು. ಟೀಚರ್ ಜೊತೆ ಕೂರಬೇಕಾದವರು ಒಂದು ತಟ್ಟೆಯಲ್ಲಿ (ಅಲ್ಲಿ ಗುಂಪಿಗೆ ತಟ್ಟೆ ಅನ್ನುತ್ತಾರೆ), ಗೆಳೆಯರ ಸಹಾಯ ಸಾಕಾದವರು ಇನ್ನೊಂದರಲ್ಲಿ, ತಾನೇ ಕಲಿಯಬಲ್ಲವರು ಮತ್ತೊಂದರಲ್ಲಿ. ಮೂರು ವಯಸ್ಸಿನವರು ಇರುವ ಕಡೆ ಹನ್ನೊಂದು ತಿಂಗಳು ಚಿಕ್ಕವನು ಎದ್ದು ಕಾಣುವುದಿಲ್ಲ. ಎಲ್ಲ ಶಾಲೆಯಲ್ಲೂ ಇದು ಚೆನ್ನಾಗಿ ನಡೆಯುತ್ತಿದೆ ಎನ್ನಲಾರೆ. ಟೀಚರ್ ಸಂಖ್ಯೆಯ ಮೇಲೆ ಹೋಗುತ್ತದೆ. ಆದರೂ ಮೇ ಮಗುವಿಗೆ ಸ್ಕೂಲು ಹುಡುಕುವಾಗ ಹತ್ತಿರದ ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಯಲ್ಲಿ ಅರ್ಧ ದಿನ ಕೂತು ನೋಡಿ ಬನ್ನಿ.

ಖಾಸಗಿ ಸ್ಕೂಲಾದರೆ ದಾಖಲಾತಿಗೆ ಹೋದಾಗ ಮೂರು ವಿಷಯ ಕೇಳಿ: ಒಂದನೇ ಕ್ಲಾಸಿನಲ್ಲಿ ರ‍್ಯಾಂಕು ಕೊಡುತ್ತೀರಾ, ಸೆಕ್ಷನ್ ಮಾಡುವಾಗ ಮಕ್ಕಳನ್ನು ಬುದ್ಧಿವಂತರು, ನಿಧಾನದವರು ಎಂದು ಬೇರೆ ಮಾಡುತ್ತೀರಾ, ಚಿಕ್ಕ ಮಗುವಿಗೆ ಬರೆಯುವುದು ಕಷ್ಟವಾದರೆ ಏನು ಮಾಡುತ್ತೀರಾ. ಉತ್ತರ ಪ್ರಿನ್ಸಿಪಾಲರಿಂದ ಬಂದರೆ ಸಾಲದು. ಒಂದನೇ ಕ್ಲಾಸಿನ ಮಿಸ್ಸನ್ನೇ ಕರೆಸಿ ಮಾತಾಡಿಸಿ. ನಿಮ್ಮ ಮಗು ಮೇ ತಿಂಗಳದ್ದು ಎಂದು ಅವರಿಗೆ ಆಗಲೇ ಹೇಳಿಡಿ, ಎರಡನೇ ಕ್ಲಾಸಿಗೆ ಟೀಚರ್ ಬದಲಾದಾಗ ಮತ್ತೆ ಹೇಳಿ.